ಕಣ್ಣಿನ ಕವಾಯತು

ನನ್ನ ಪಾದಗಳು ಚಪ್ಪಟೆ. ಒದ್ದೆ ಕಾಲಿಟ್ಟರೆ ನೆಲದ ಮೇಲೆ ಇಡೀ ಪಾದ ಅಚ್ಚೊತ್ತಿದಂತೆ ಮೂಡುತ್ತದೆ. ಇದರಿಂದ ನನಗೆ ಜೀವನದಲ್ಲಿ ಯಾವ ತೊಂದರೆಯೂ ಆಗಿಲ್ಲ, ಬೆಳಗಾವಿಯಲ್ಲಿ ಸೈನ್ಯದ ಭರ್ತಿಗೆ ಹೋದಾಗ ಎರಡು ಸಲ ಮನೆಗೆ ಕಳಿಸಿದ್ದೊಂದನ್ನು ಬಿಟ್ಟು. ಓಟದಲ್ಲಿ ಮುಂದಿದ್ದೆ, ಎದೆಯ ಅಳತೆ ಸರಿಯಿತ್ತು. ಕಣ್ಣಿನ ಪರೀಕ್ಷೆಗಂತೂ, ನಮ್ಮ ಮೂಡಲಗಿ ಹುಡುಗರ ರೂಢಿಯಂತೆ, ಹಿಂದಿನ ವರ್ಷ ಹೋಗಿ ಬಂದವರಿಂದ ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಬರೆಸಿಕೊಂಡು ಬಾಯಿಪಾಠ ಮಾಡಿಯೇ ಹೋಗಿದ್ದೆ. ಕೊನೆಗೆ ಬಿಳಿ ಕೋಟಿನವರೊಬ್ಬರು ನನ್ನ ಪಾದ ನೋಡಿ ತಲೆ ಅಲ್ಲಾಡಿಸಿದರು. ನಮ್ಮ ಕಡೆ ಇದಕ್ಕೆ 'ಮೆಡಿಕಲ್‌ನಾಗ ಹೋದ' ಎನ್ನುತ್ತಾರೆ. ಊರಿಗೆ ಮರಳಿದ ಮೇಲೆ ಆರು ತಿಂಗಳು ಎಲ್ಲರೂ ನನ್ನ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದರು.

ಇಷ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಮಾಡಿದ ದೊಡ್ಡ ದಡ್ಡತನದ ಬೇರು ಇಲ್ಲೇ ಇದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಗೋಕಾಕದ ಒಂದು ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಬೋರ್ಡಿನ ಮೇಲೆ ಮಕ್ಕಳ ಶಾಲೆ ಎಂದೇ ಬರೆದಿತ್ತು. ಒಳಗಿದ್ದವರಲ್ಲಿ ಅರ್ಧದಷ್ಟು ಜನ ಮಕ್ಕಳೇ ಅಲ್ಲ, ಮೀಸೆ ಬಂದವರು, ಸೀರೆ ಉಡುವ ವಯಸ್ಸಿನವರು. ಅವರಲ್ಲಿ ಹನ್ನೆರಡು ಜನರನ್ನು ಓಟ, ಗುಂಡು ಎಸೆತಗಳಿಗೆ ತಯಾರು ಮಾಡುವುದು ನನ್ನ ಕೆಲಸ. ಬೆಳಗಾದರೆ ಮೈದಾನಕ್ಕೆ ಹೋಗಿ ಸುಣ್ಣದ ಪುಡಿಯಿಂದ ಓಟದ ಗೆರೆ ಎಳೆಯುತ್ತಿದ್ದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ್‍ಯಾರೂ ಅದಕ್ಕೆ ಹೆದರುತ್ತಿರಲಿಲ್ಲ. ನಾನು ಕೂಗಾಡಲು ಶುರು ಮಾಡಿದರೆ ಗುಂಡು ಎಸೆಯುವ ಮೂಡಲಗಿಯ ಹುಡುಗ ಓಡಿಹೋಗಿ ನನಗೊಂದು ತಂಬಿಗೆ ನೀರು ತಂದುಕೊಡುತ್ತಿದ್ದ. ನೀರು ಕುಡಿದು ಮತ್ತೆ ಕೂಗಾಡುವುದು ಕಷ್ಟ.

ಹನ್ನೆರಡು ಜನರಲ್ಲಿ ನನ್ನ ತಲೆ ತಿಂದವಳು ಮೇಲವಂಕಿಯ ಒಂದು ಕುರಿಗಾರರ ಮನೆಯ ಹುಡುಗಿ. ಹದಿನೆಂಟು ತುಂಬಿತ್ತು. ತಂದೆತಾಯಿ ಕುರಿಗಳ ಹಿಂದೆ ತಿರುಗುತ್ತಿದ್ದುದರಿಂದ ಅವಳನ್ನು ನೋಡಿಕೊಳ್ಳುತ್ತಿದ್ದವಳು ಅಜ್ಜಿ. ಹುಡುಗಿ ಅಜ್ಜಿಯನ್ನು ಆಯಿ ಎನ್ನುತ್ತಿದ್ದಳು, ಹಾಗಾಗಿ ನಮಗೆಲ್ಲರಿಗೂ ಆಕೆ ಆಯಿಯೇ. ದಿನಾ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು.

ಆ ಹುಡುಗಿಯ ಓಟ ನೋಡಬೇಕು. ನಾನು ಜೀವಮಾನದಲ್ಲಿ ಅಂಥ ಕಾಲುಗಳನ್ನು ಕಂಡಿಲ್ಲ. ಸೀಟಿ ಊದಿದ್ದೇ ತಡ, ಉಳಿದವರು ಎದ್ದು ನಿಲ್ಲುವುದರೊಳಗೆ ಇವಳು ಅರ್ಧ ದಾರಿ ಮುಗಿಸಿರುತ್ತಿದ್ದಳು. ಆದರೆ ತನ್ನ ಎರಡು ಗೆರೆಗಳ ನಡುವೆ ಮಾತ್ರ ಓಡುತ್ತಿರಲಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿದು ಬಾಜೂದವರ ದಾರಿಗೆ ನುಗ್ಗುತ್ತಿದ್ದಳು. ಮೂರು ವರ್ಷ ವಿಭಾಗ ಮಟ್ಟದ ಆಟಗಳಲ್ಲಿ ಎಲ್ಲರಿಗಿಂತ ಮೊದಲು ಮುಟ್ಟಿ, ಗೆರೆ ದಾಟಿದ್ದಕ್ಕೆ ಮೂರು ಸಲವೂ ಹೊರಬಿದ್ದಿದ್ದಳು.

"ಗೆರಿ ಕಾಣತೈತಿಲ್ಲೋ ನಿನಗ?" ಎಂದು ನಾನು ಮೈದಾನ ನಡುಗುವಂತೆ ಕೇಳುತ್ತಿದ್ದೆ.

"ಹೌದ್ರಿ ಸರ" ಎನ್ನುತ್ತಿದ್ದಳು ನಗುತ್ತ.

ಅವಳು ಎಲ್ಲದಕ್ಕೂ ಹೌದ್ರಿ ಸರ ಎನ್ನುವವಳು. ಊಟ ಆಯಿತೇ ಎಂದರೂ ಹೌದು, ಹಸಿವಾಗಿದೆಯೇ ಎಂದರೂ ಹೌದು. ಗೆರೆಯ ಅರ್ಥ ಅವಳ ತಲೆಗೆ ಹತ್ತಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಕಡೆಗೆ ಒಂದು ಉಪಾಯ ಕಂಡುಕೊಂಡೆ. ಓಟ ಮುಗಿಯುವ ಕಡೆ, ಸರಿಯಾಗಿ ಅವಳ ದಾರಿಯ ನೇರಕ್ಕೆ ನಿಂತು, "ಬಾ, ಬಾ, ಬಾ" ಎಂದು ಕೂಗುವುದು. ಆಗ ನನ್ನ ದನಿಯ ಕಡೆ ನೆಟ್ಟಗೆ ಬರುತ್ತಿದ್ದಳು. ಗುರುವಿನ ಮೇಲೆ ಎಷ್ಟು ಭಕ್ತಿ ನೋಡು ಎಂದು ನನಗೆ ಒಳಗೊಳಗೇ ಹೆಮ್ಮೆ.

ಆ ವರ್ಷ ಗೆದ್ದವರು, ಹೊರಬಿದ್ದವರು ಎನ್ನದೆ ನಮ್ಮ ಹನ್ನೆರಡು ಜನಕ್ಕೂ ಬೆಂಗಳೂರಿನ ರಾಜ್ಯ ಮಟ್ಟದ ಆಟಗಳಿಗೆ ಹೋಗುವ ಅವಕಾಶ ಬಂತು. ಆಯಿ ಮೇಲವಂಕಿಯಲ್ಲಿ ಮನೆಮನೆಗೆ ಹೋಗಿ ಹೇಳಿ ಬಂದಳು. ಅದರ ಹಿಂದೆಯೇ ಇನ್ನೊಂದು ಕಾಗದ ಬಂತು: ಹೋಗುವ ಮೊದಲು ಎಲ್ಲ ಕ್ರೀಡಾಪಟುಗಳಿಗೆ ಹುಕ್ಕೇರಿಯಲ್ಲಿ ಉಚಿತ ಆರೋಗ್ಯ ತಪಾಸಣೆ, ಕಣ್ಣು, ಕಿವಿ, ಹಲ್ಲು, ಪಾದ ಎಲ್ಲ ನೋಡಲಾಗುವುದು, ತಪ್ಪದೆ ಕರೆತರಬೇಕು.

ಓದುತ್ತಿದ್ದಂತೆ ನನ್ನ ಚಪ್ಪಟೆ ಪಾದಗಳು ತಣ್ಣಗಾದವು. ಇದು ಮೆಡಿಕಲ್. ನಾಲ್ಕು ಜನ ಬಿಳಿ ಕೋಟಿನವರು ಕುಳಿತು ನನ್ನವರಲ್ಲಿ ಅರ್ಧ ಜನರ ಹೆಸರು ಹೊಡೆದುಹಾಕುತ್ತಾರೆ. ಕಾಗದದಲ್ಲಿ ಹಾಗೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಅಂಥದ್ದನ್ನು ಯಾರು ಬರೆಯುತ್ತಾರೆ? ನನ್ನ ಪಾಡು ಇವರಿಗೆ ಆಗಬಾರದು ಎಂದು ಹಟ ತೊಟ್ಟೆ.

ಗೋಕಾಕ ಪೇಟೆಯಲ್ಲಿ ಚಷ್ಮಾ ಅಂಗಡಿ ಇಟ್ಟಿದ್ದ ಜೈನ ಹಿರಿಯರೊಬ್ಬರು ನನಗೆ ಪರಿಚಿತರು. ಅರ್ಧ ಗಿರಾಕಿಗಳ ಜೊತೆ ಮರಾಠಿ, ಅರ್ಧ ಗಿರಾಕಿಗಳ ಜೊತೆ ಕನ್ನಡ ಮಾತಾಡುತ್ತ ಸಂಜೆವರೆಗೆ ಕೂತಿರುತ್ತಿದ್ದರು. ಓದಲು ಬಾರದವರ ಕಣ್ಣು ನೋಡಲು ಅವರಲ್ಲಿ ಒಂದು ಹಲಗೆಯಿತ್ತು. ಇಂಗ್ಲಿಷಿನ ಮೂರು ಹಲ್ಲಿನ 'ಇ' ಅಕ್ಷರವನ್ನೇ ಸಾಲುಸಾಲಾಗಿ, ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಎಡಕ್ಕೆ, ಬಲಕ್ಕೆ ತಿರುಗಿಸಿ ಬರೆದದ್ದು. ಹಲ್ಲುಗಳು ಯಾವ ಕಡೆಗಿವೆ ಎಂದು ಕೈಮಾಡಿ ತೋರಿಸಿದರೆ ಸಾಕು. ಹುಕ್ಕೇರಿಯಲ್ಲೂ ಇದೇ ಹಲಗೆ ಇರುತ್ತದೆಯೇ ಎಂದು ಕೇಳಿದೆ. ಎಲ್ಲ ಕಡೆ ಇದೇ ಎಂದರು. ಎಂಟು ದಿನಕ್ಕೆ ಕಡ ಕೊಡಿ ಎಂದೆ.

"ಮಾಸ್ತರ, ಮಂದಿ ಕಣ್ಣ ತೋರಸಾಕ ಹುಡುಗರನ್ನ ಅಂಗಡಿಗೆ ಕರಕೊಂಡ ಬರತಾರ" ಎಂದರು ಅವರು. "ನೀವು ಹಲಗಿನ ಹುಡುಗರ ಕಡೆ ಒಯ್ಯಾಕತ್ತೀರಿ."

"ಸ್ವಲ್ಪ ಅಭ್ಯಾಸ ಮಾಡಸ್ಬೇಕರಿ."

"ಕಣ್ಣಿಗ್ಯಾತರ ಅಭ್ಯಾಸರಿ?"

ಡ್ರಿಲ್ ಮಾಸ್ತರನಿಗೆ ಬೇರೆ ಏನು ಗೊತ್ತು? ಅದನ್ನೇ ಒಂದು ಕವಾಯತು ಮಾಡಿದೆ. ಹನ್ನೆರಡು ಜನರನ್ನು ಎರಡು ಸಾಲಿನಲ್ಲಿ ನಿಲ್ಲಿಸಿ, ಎಡಗೈಯಿಂದ ಒಂದು ಕಣ್ಣು ಮುಚ್ಚಿಸಿ, ಬಲಗೈಯನ್ನು ಹಲಗೆಯ ಕ್ರಮದಲ್ಲೇ ಆಡಿಸುವುದು. ಬಲಕ್ಕೆ, ಮೇಲೆ, ಕೆಳಗೆ. ಎಡಕ್ಕೆ, ಎಡಕ್ಕೆ, ಮೇಲೆ, ಬಲಕ್ಕೆ. ಅವರು ಅದಕ್ಕೆ ಹಣಗಿ ಆಟ ಎಂದು ಹೆಸರಿಟ್ಟರು, ಆ ಅಕ್ಷರ ಅವರಿಗೆ ಹಲ್ಲು ಮುರಿದ ಬಾಚಣಿಗೆಯ ಹಾಗೆ ಕಂಡಿತ್ತು. ಎಂಟು ದಿನ ಸಾಲಲಿಲ್ಲ, ಹದಿನೈದು ದಿನವಾಯಿತು. ಮೇಲವಂಕಿಯ ಹುಡುಗಿ ಮಾತ್ರ ಮೂರನೆಯ ದಿನಕ್ಕೇ ಕಲಿತಳು. ನಾನು ಹೇಳಿಕೊಡುವ ರಾಗದ ಸಮೇತ ಕಲಿತಳು. ಗೆರೆಯೊಳಗೆ ಓಡಲು ಬರದವಳಿಗೆ ಇದು ಹೇಗೆ ಬಂತು ಎಂದು ಆಶ್ಚರ್ಯಪಟ್ಟೆ. ಅಷ್ಟಕ್ಕೇ ನಿಲ್ಲಿಸಿದೆ, ಮುಂದೆ ಯೋಚಿಸಲಿಲ್ಲ.

ತಪಾಸಣೆಯ ದಿನ ಒಂದು ಟೆಂಪೋದಲ್ಲಿ ಹೊರಟೆವು. ಆಯಿಯೂ ಬಂದಳು. ಧುಪದಾಳದ ಹತ್ತಿರ ಬಂದಾಗ ಕಟ್ಟೆಯ ಮೇಲಿಂದ ಧುಮುಕುವ ನೀರು ನೋಡದೆ ಮುಂದೆ ಹೋಗಲು ಯಾರೂ ಒಪ್ಪಲಿಲ್ಲ. ಹದಿನೈದು ನಿಮಿಷ ಇಳಿಸಿದೆ. ಎಲ್ಲರೂ ನೀರು ನೋಡಿ ಕೇಕೆ ಹಾಕಿದರು. ಮೇಲವಂಕಿಯ ಹುಡುಗಿ ಕಣ್ಣು ಮುಚ್ಚಿಕೊಂಡು ನಿಂತು ನೀರಿನ ಸದ್ದು ಕೇಳಿದಳು. ನಾನು ಕೈಯಲ್ಲಿ ಗೋಕಾಕದ ಕರದಂಟಿನ ಡಬ್ಬಿ ಹಿಡಿದುಕೊಂಡಿದ್ದೆ. ಡಾಕ್ಟರರಿಗೆಂದು ತಂದದ್ದು. ಪರೀಕ್ಷೆ ಎಂದ ಮೇಲೆ ಪರೀಕ್ಷಕರ ಬಾಯಿ ಸಿಹಿ ಮಾಡಬೇಡವೇ.

ಹುಕ್ಕೇರಿಯ ಒಂದು ಹೈಸ್ಕೂಲಿನ ಕೋಣೆಗಳಲ್ಲಿ ತಪಾಸಣೆ. ಕಣ್ಣು ನೋಡುವವರು ಬೆಳಗಾವಿಯಿಂದ ಬಂದ ಐವತ್ತರ ಆಸುಪಾಸಿನ ಹೆಣ್ಣುಮಗಳು, ಹತ್ತಿ ಸೀರೆ, ಕುತ್ತಿಗೆಗೆ ಇಳಿಬಿಟ್ಟ ಕನ್ನಡಕ. ಗೋಡೆಯ ಮೇಲೆ ಅದೇ ಹಲಗೆ. ನನ್ನ ಜೀವ ಹಗುರಾಯಿತು. ಕರದಂಟಿನ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತೆ.

ಒಬ್ಬೊಬ್ಬರೇ ಹೋದರು. ಕವಾಯತು ಎಂದರೆ ಕವಾಯತು. ಡಾಕ್ಟರು ಅಕ್ಷರ ತೋರಿಸುವ ಕಡ್ಡಿ ಎತ್ತುವ ಮೊದಲೇ ಕೈಗಳು ಎದ್ದವು. ಬಲಕ್ಕೆ, ಮೇಲೆ, ಕೆಳಗೆ. ಮೂಡಲಗಿಯ ಹುಡುಗ ಕೊನೆಯ ಸಾಲು ಮುಗಿಸಿ ಸೆಲ್ಯೂಟ್ ಹೊಡೆದ. ಅದನ್ನು ನಾನು ಕಲಿಸಿರಲಿಲ್ಲ. ಮೇಲವಂಕಿಯ ಹುಡುಗಿ ಡಾಕ್ಟರು ಬೇರೆ ಕಡೆ ತಿರುಗಿ ಚೀಟಿ ತೆಗೆದುಕೊಳ್ಳುವಷ್ಟರಲ್ಲಿ ಹಲಗೆ ಪೂರ್ತಿ ಮುಗಿಸಿ, ಇನ್ನೊಂದು ಕಣ್ಣು ಮುಚ್ಚಿ ಮತ್ತೆ ಶುರು ಮಾಡಿದ್ದಳು. ಹನ್ನೆರಡಕ್ಕೆ ಹನ್ನೆರಡು ಚೀಟಿಯ ಮೇಲೂ ದೃಷ್ಟಿ ಚೆನ್ನಾಗಿದೆ ಎಂದು ಬರೆದಾಯಿತು. ಡಾಕ್ಟರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಎದೆ ಉಬ್ಬಿಸಿಕೊಂಡು ಮುಂದಿನ ಕೋಣೆಗೆ ಹೊರಟೆ.

ಮುಂದಿನದು ಪಾದ. ನನ್ನ ಶತ್ರುವಿನ ಕೋಣೆ. ಅಲ್ಲಿ ನೆಲದ ಮೇಲೆ ಕುಳಿತ ಒಬ್ಬ ಡಾಕ್ಟರು ನನ್ನವರ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ಮೂಡಲಗಿಯ ಹುಡುಗನ ಪಾದ ನನ್ನದಕ್ಕಿಂತ ಚಪ್ಪಟೆ. ಮುಗಿಯಿತು ಎಂದುಕೊಂಡೆ. ಡಾಕ್ಟರು ಅವನ ಬೂಟು ಎತ್ತಿ ನೋಡಿ, "ಈ ಬೂಟ ಯಾರ ತಂದಾರ್ರಿ?" ಎಂದು ಕೇಳಿದರು. ನಾನೇ ತಂದದ್ದು, ಹನ್ನೆರಡು ಜೋಡಿಯೂ ಒಂದೇ ಅಳತೆ. "ಕಾಲ ಬ್ಯಾರೆ ಬ್ಯಾರೆ ಅದಾವ, ಬೂಟ ಒಂದ ಆದ್ರ ಹೆಂಗ್ರಿ ಮಾಸ್ತರ?" ಎಂದು ಅವನ ಬೂಟಿನೊಳಗೆ ಒಂದು ಮೆತ್ತನೆಯ ತುಂಡು ಕತ್ತರಿಸಿ ಇಟ್ಟು, ಹೋಗು ಎಂದರು. ಹೆಸರು ಹೊಡೆದುಹಾಕಲಿಲ್ಲ. ಕಿವಿಯ ಕೋಣೆಯಲ್ಲಿ ಇನ್ನೊಬ್ಬನ ಕಿವಿಯಿಂದ ಕಡಲೆ ಗಾತ್ರದ ಗುಗ್ಗೆ ತೆಗೆದರು. ಅವನು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿ, "ಇದು ಒದರತೈತಿ" ಎಂದು ಬೆರಗಾದ. ಅವನ ಹೆಸರನ್ನೂ ಹೊಡೆಯಲಿಲ್ಲ. ನನಗೆ ಏನೋ ಒಂದು ತರಹ ಆಗತೊಡಗಿತು. ಇವರು ಯಾರನ್ನೂ ಮನೆಗೆ ಕಳಿಸುತ್ತಿಲ್ಲ. ಏನು ಕೆಟ್ಟಿದೆಯೋ ಅದನ್ನು ಹುಡುಕಿ ಸರಿಮಾಡಿ ಕಳಿಸುತ್ತಿದ್ದಾರೆ.

ಊಟದ ಹೊತ್ತಾಯಿತು. ವರಾಂಡದಲ್ಲಿ ಆಯಿ ಎರಡು ತಟ್ಟೆ ಹಿಡಿದು ನಿಂತಿದ್ದಳು. ಹುಡುಗಿ ಕೈ ತೊಳೆದುಕೊಂಡು ಬಂದಳು. ಆಯಿಯ ಎದುರಿಗೇ ಬಂದಳು, ನಾಲ್ಕು ಹೆಜ್ಜೆ ದೂರದಲ್ಲಿ ಆಯಿಯನ್ನು ದಾಟಿ ಮುಂದೆ ಹೋದಳು. ಅತ್ತ ಯಾರೋ ಹೆಂಗಸು ಅದೇ ಬಣ್ಣದ ಸೀರೆ ಉಟ್ಟು ನಿಂತಿದ್ದರು. ಅವರ ಮುಂದೆ ಹೋಗಿ ತಟ್ಟೆಗೆ ಕೈ ಚಾಚಿದಳು.

ಆಯಿ ನಕ್ಕಳು. "ಇಲ್ಲಿ ಅದೇನಿ ಬಾ" ಎಂದು ಕೂಗಿ, ನನ್ನ ಕಡೆ ತಿರುಗಿ, "ಅದಕ ಗುರ್ತ ಸಿಗೂದಿಲ್ರಿ ಮಾಸ್ತರ. ಸಣ್ಣಾಕಿ ಇದ್ದಾಗಿಂದ ಹಂಗ. ದನಿ ಮಾಡಬೇಕು, ಆಗ ಬರತೈತಿ. ಬುದ್ಧಿ ಕಡಿಮಿ ನೋಡ್ರಿ" ಎಂದಳು.

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ದನಿ ಮಾಡಬೇಕು. ಬಾ, ಬಾ, ಬಾ. ಇಷ್ಟು ದಿನ ನಾನು ಭಕ್ತಿ ಎಂದುಕೊಂಡದ್ದು ಏನೆಂದು ಆಗ ತಿಳಿಯಿತು. ಅವಳಿಗೆ ಕಾಣುತ್ತಿರಲಿಲ್ಲ. ಮತ್ತು ಅದನ್ನು ಕಂಡುಹಿಡಿಯಲು ಬೆಳಗಾವಿಯಿಂದ ಬಂದು ಕುಳಿತಿದ್ದ ಡಾಕ್ಟರ ಕಣ್ಣಿಗೆ ನಾನೇ ಹದಿನೈದು ದಿನ ಬೆವರು ಸುರಿಸಿ ಮಣ್ಣೆರಚಿದ್ದೆ.

ಎದ್ದು ಹೋಗಿ ಹೇಳಿಬಿಡಬೇಕು ಎನ್ನಿಸಿತು. ಏಳಲಿಲ್ಲ. ಪಾದ, ಕಿವಿ ಕೆಟ್ಟಿದ್ದರೆ ಸರಿಮಾಡಿ ಕಳಿಸಿಯಾರು. ಕಾಣದ ಹುಡುಗಿಯನ್ನು ಓಡಲು ಯಾರು ಬಿಡುತ್ತಾರೆ? ಚೀಟಿಯ ಮೇಲೆ ಚೆನ್ನಾಗಿದೆ ಎಂದು ಬರೆದಾಗಿದೆ. ಸುಮ್ಮನಿದ್ದರೆ ಅವಳು ಬೆಂಗಳೂರಿಗೆ ಹೋಗುತ್ತಾಳೆ. ಬಾಯಿ ಬಿಟ್ಟರೆ ಅವಳ ಓಟ ಹೋಗಬಹುದು, ನನ್ನ ಮಾನವಂತೂ ಹೋಗುವುದು ಖರೆ. ಅನ್ನದ ತಟ್ಟೆ ಹಿಡಿದು ಎಷ್ಟೋ ಹೊತ್ತು ಕುಳಿತೆ. ಎದುರಿಗೆ ಆ ಹುಡುಗಿ ತಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಎತ್ತಿ ಹಿಡಿದು ಊಟ ಮಾಡುತ್ತಿದ್ದಳು. ದಿನಾ ಹಾಗೇ ಉಣ್ಣುತ್ತಿದ್ದಳು. ದಿನಾ ನಾನು, ತಟ್ಟೆ ಕೆಳಗೆ ಇಡು ಎಂದು ಬೈಯುತ್ತಿದ್ದೆ. ಆಮೇಲೆ ನನಗೆ ಕೂತಿರಲು ಆಗಲಿಲ್ಲ.

ಕಣ್ಣಿನ ಡಾಕ್ಟರು ಮೇಜಿನ ಮುಂದೆ ರೊಟ್ಟಿ ತಿನ್ನುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಚಷ್ಮಾ ಅಂಗಡಿ, ಹಲಗೆ, ಕವಾಯತು. ಹೇಳುತ್ತ ಹೇಳುತ್ತ ನನ್ನ ಚಪ್ಪಟೆ ಪಾದದ ಕಥೆಯನ್ನೂ ಹೇಳಿದೆ. "ಮೇಡಮ್ಮಾರ, ನನ್ನ ಮ್ಯಾಲ ಬೇಕಾದ್ದ ಬರೀರಿ. ಆ ಹುಡುಗಿ ಹೆಸರ ಅಷ್ಟ ಹೊಡೀಬ್ಯಾಡ್ರಿ" ಎಂದೆ.

"ಯಾವ ಹೆಸರ ಹೊಡ್ಯೂದ್ರಿ?" ಎಂದರು ಅವರು. "ನಾವು ಹೆಸರ ಹೊಡ್ಯಾಕ ಬಂದಿಲ್ಲ. ಓಡೂವಾಗ ಅವರಿಗೆ ಮುಂದಿಂದು ಕಾಣ್ಲಿ ಅಂತ ಬಂದೇವಿ. ನಾ ಕಡ್ಡಿ ಎತ್ತೂದರಾಗ ಕೈ ಎತ್ತಾಕತ್ತಿದ್ರು. ನನಗೂ ಸಂಶೇ ಬಂದಿತ್ತು. ಮಾಸ್ತರ ಹೇಳತಾರೋ ಇಲ್ಲೋ ನೋಡೂಣು ಅಂತ ಸುಮ್ಮನ ಇದ್ದೆ. ಊಟ ಆಗೂತನಾ ನೋಡಿ, ನಾನ ಕರಸಾಕ ಇದ್ದೆ."

ಅವರು ಕರದಂಟಿನ ಡಬ್ಬಿಯನ್ನು ನನ್ನ ಕಡೆ ಸರಿಸಿ, "ಇದನ್ನ ಹುಡುಗರಿಗೆ ಹಂಚ್ರಿ. ಹನ್ನೆರಡೂ ಮಂದಿನ ಮತ್ತ ಕರೀರಿ" ಎಂದರು.

ಹಲಗೆಯನ್ನು ಬುಡಮೇಲು ಮಾಡಿ ನೇತುಹಾಕಿದರು. ನನ್ನ ತಂಡ ಏನೂ ಆಗಿಲ್ಲವೆಂಬಂತೆ ಹಳೆಯ ಕವಾಯತನ್ನೇ ಮಾಡಿತು. ಕಲಿಸಲು ಹದಿನೈದು ದಿನ ಬೇಕಾಗಿತ್ತು, ಮರೆಸುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ. ನಿಲ್ಲಿಸಿರಪ್ಪಾ ಎಂದು ನಾನು ಕೂಗಿದಾಗ ಮೂಡಲಗಿಯ ಹುಡುಗ ನೀರು ತರಲು ಓಡಿದ. ಡಾಕ್ಟರು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಬಾಗಿಲು ಮುಂದೆ ಮಾಡಿ, ಕೋಣೆ ಕತ್ತಲು ಮಾಡಿ, ಒಬ್ಬೊಬ್ಬರ ಕಣ್ಣಿಗೂ ಸಣ್ಣ ದೀಪದ ಬೆಳಕು ಬಿಟ್ಟು, ಗಾಜು ಬದಲಿಸುತ್ತ ನೋಡಿದರು. ಈ ಪರೀಕ್ಷೆಗೆ ಉತ್ತರವೇ ಬೇಕಿಲ್ಲ, ಕಣ್ಣೇ ಹೇಳುತ್ತದೆ ಎಂದರು. ನಾಲ್ಕು ಜನರಿಗೆ ಕನ್ನಡಕ ಬೇಕಾಗಿತ್ತು. ಮೇಲವಂಕಿಯ ಹುಡುಗಿಗೆ ಒಂದು ಗೇಣು ಆಚೆಗಿನದು ಯಾವುದೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಹುಟ್ಟಿದಾಗಿನಿಂದಲೇ ಇರಬೇಕು ಎಂದರು.

ಮತ್ತೆ ಬಾಗಿಲು, ಕಿಟಕಿ ತೆರೆಸಿ, ದಪ್ಪ ಗಾಜುಗಳನ್ನು ಒಂದು ದುಂಡನೆಯ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ ಅವಳ ಮೂಗಿನ ಮೇಲೆ ಕೂರಿಸಿದರು. ಹುಡುಗಿ ಅಲ್ಲಾಡಲಿಲ್ಲ. ಗೋಡೆ ನೋಡಿದಳು, ಕಿಟಕಿ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನು ಬಹಳ ಹೊತ್ತು ನೋಡಿದಳು. ಆಯಿ ದನಿ ಮಾಡಿರಲಿಲ್ಲ.

"ಆಯಿ," ಎಂದಳು ಹುಡುಗಿ, "ನಿನ್ನ ಹಲ್ಲ ಎಲ್ಲಿ ಹೋದವು?"

"ಹೋಗಿ ಹತ್ತ ವರ್ಷ ಆತವ್ವಾ" ಎಂದು ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ನೋಡಲು ಹೋಗಲಿಲ್ಲ. ನನ್ನದೇ ಕಣ್ಣು ತುಂಬಿತ್ತು. ಗೋಕಾಕಕ್ಕೆ ಮರಳುವಾಗ ಟೆಂಪೋದಲ್ಲಿ ಕರದಂಟು ಹಂಚಿದೆ. ನನಗೆ ತಿನ್ನುವ ಮನಸ್ಸಾಗಲಿಲ್ಲ.

ಕನ್ನಡಕಗಳು ತಯಾರಾಗಿ ನಮ್ಮ ಚಷ್ಮಾ ಅಂಗಡಿಗೇ ಬಂದವು. ಮಾಲಕರು ಓಡುವಾಗ ಬೀಳದಿರಲಿ ಎಂದು ಹಿಂದೆ ಒಂದು ರಬ್ಬರ್ ಪಟ್ಟಿ ತಾವೇ ಕಟ್ಟಿಕೊಟ್ಟರು. ಹಲಗೆ ಮರಳಿ ಕೊಟ್ಟಾಗ ಏನೂ ಕೇಳಲಿಲ್ಲ, ಅದು ಅವರ ದೊಡ್ಡತನ.

ಮರುದಿನ ಬೆಳಿಗ್ಗೆ ಎಂದಿನಂತೆ ಗೆರೆ ಎಳೆದು ಮುಗಿಸಿ ಸೀಟಿ ಒರೆಸಿಕೊಳ್ಳುತ್ತಿದ್ದೆ. ಹುಡುಗಿ ಕನ್ನಡಕ ಹಾಕಿಕೊಂಡು ಓಟ ಶುರುವಾಗುವ ಕಡೆ ಬಂದು ನಿಂತಳು. ತನ್ನ ಕಾಲ ಬಳಿ ನೋಡಿದಳು. ಕುಕ್ಕರುಗಾಲಲ್ಲಿ ಕುಳಿತು ಸುಣ್ಣದ ಗೆರೆಯ ಮೇಲೆ ಬೆರಳಿಟ್ಟಳು. ಬೆರಳು ಬೆಳ್ಳಗಾಯಿತು. ಅದನ್ನು ನೋಡಿ, ಮತ್ತೆ ಗೆರೆಯ ಉದ್ದಕ್ಕೂ, ಮೈದಾನದ ಆ ತುದಿಯವರೆಗೆ ನೋಡಿದಳು.

"ಸರ, ಇದು ದಿನಾ ಇಲ್ಲೇ ಇರತಿತ್ತೇನ್ರಿ?"

"ಇರತಿತ್ತವ್ವಾ. ದಿನಾ ನಾನ ಹಾಕತಿದ್ದೆ" ಎಂದೆ. "ನಂದ ತಪ್ಪಾತು. ನಿನಗ ಕಾಣತೈತಿ ಅಂತ ತಿಳಕೊಂಡು ಬೈದೆ."

ಅವಳು ಹೌದ್ರಿ ಸರ ಎನ್ನಲಿಲ್ಲ. ಎದ್ದು ನಿಂತು, ಕನ್ನಡಕ ಮೇಲೇರಿಸಿಕೊಂಡು, ಗೆರೆಯ ಗುಂಟ ನಡೆಯುತ್ತ ಹೋದಳು. ನಡುವೆ ಒಂದು ಕಡೆ ನಿಂತು ನನ್ನನ್ನು ಕೈ ಬೀಸಿ ಕರೆದಳು. ಹೋದೆ.

"ಸರ, ಇಲ್ಲಿ ಡೊಂಕ ಆಗೇತ್ರಿ" ಎಂದಳು.

ಬಗ್ಗಿ ನೋಡಿದೆ. ಡೊಂಕಾಗಿತ್ತು. ಒಂದು ಗೇಣಿನಷ್ಟು ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬಂದಿತ್ತು. ನಾನು ಸುಣ್ಣದ ಬುಟ್ಟಿ ತರಲು ಹೋದೆ, ಅವಳು ಅಲ್ಲೇ ನಿಂತು, ನಾನು ಕಾಲಿನಿಂದ ಹಳೆಯ ಗೆರೆ ಅಳಿಸಿ ಹೊಸದನ್ನು ನೆಟ್ಟಗೆ ಎಳೆದು ಮುಗಿಸುವವರೆಗೆ ಕಾದಳು.